ಮಿನಿ ಟ್ರಾಕ್ಟರ್‌ಗೆ ಚಳಿಗಾಲದ ಕ್ಯಾಬಿನ್: ಪದೇ ಪದೇ ಕೇಳುವ ಪ್ರಶ್ನೆಗಳು

ಬಸವನಗುಡಿಯ ಕಡಲೆಕಾಯಿ ಪರಿಷೆ ಹೊತ್ತಿಗೆ ಬೆಂಗಳೂರಿನ ಸುತ್ತ ಚಳಿ ಶುರುವಾಗುತ್ತದೆ. ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ಆನೇಕಲ್, ಮಾಗಡಿ ಕಡೆ ಮಿನಿ ಟ್ರಾಕ್ಟರ್ ಓಡಿಸುವವರು ಕ್ಯಾಬಿನ್ ಬಗ್ಗೆ ವಿಚಾರಿಸುವುದೂ ಆಗಲೇ. ಇಲ್ಲಿರುವ ಉತ್ತರಗಳು 15ರಿಂದ 30 ಎಚ್‌ಪಿ ಒಳಗಿನ ಸಣ್ಣ ಗಾಡಿಗಳಿಗೆ. ದೊಡ್ಡ ಟ್ರಾಕ್ಟರ್‌ನ ಲೆಕ್ಕ ಬೇರೆ.

ಬೆಂಗಳೂರಿನ ಚಳಿಗೂ ಟ್ರಾಕ್ಟರ್‌ಗೆ ಕ್ಯಾಬಿನ್ ಬೇಕಾ?

ಮನೆಯೊಳಗೆ ಕೂತು ಯೋಚಿಸಿದರೆ ಬೇಡ ಅನ್ನಿಸುತ್ತದೆ. ಡಿಸೆಂಬರ್, ಜನವರಿಯಲ್ಲಿ ನಗರದ ಕನಿಷ್ಠ ತಾಪಮಾನ ಸರಾಸರಿ 15–16 ಡಿಗ್ರಿ. ಇಲ್ಲಿಯ ದಾಖಲೆ ಚಳಿ ಅಂದರೆ 1884ರ ಜನವರಿ 13ರ 7.8 ಡಿಗ್ರಿ. ಹಿಮ ಬೀಳುವ ದೇಶದವರು ಇದನ್ನು ಚಳಿ ಅಂತಲೇ ಕರೆಯಲ್ಲ.

ಆದರೆ ಟ್ರಾಕ್ಟರ್ ಸೀಟಿನ ಮೇಲೆ ಕೂತವರ ಕಷ್ಟ ಬೇರೆ. ಬೆಳಗಿನ ಜಾವ ಐದಕ್ಕೆ ಹೂವು, ಸೊಪ್ಪು, ಅವರೆಕಾಯಿ ಮೂಟೆ ಹೇರಿಕೊಂಡು ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಹೊರಟರೆ ಗಾಳಿ ನೇರ ಎದೆಗೆ ಬಡಿಯುತ್ತದೆ. ಬಟ್ಟೆ ಇಬ್ಬನಿಯಲ್ಲಿ ನೆನೆದಿರುತ್ತದೆ. ಬೆರಳು ಮರಗಟ್ಟಿದರೆ ಲಿವರ್ ಮೇಲೆ ಹಿಡಿತ ತಪ್ಪುತ್ತದೆ. ದೇವನಹಳ್ಳಿ ಕಡೆಯ ಮಂಜು ಎಂಥದ್ದು ಅಂತ ಬೆಳಗಿನ ವಿಮಾನಕ್ಕೆ ಕಾದವರಿಗೆ ಗೊತ್ತು. ಅದೇ ಮಂಜಿನಲ್ಲಿ ಅರವತ್ತು ದಾಟಿದ ರೈತರು ಸ್ವೆಟರ್ ಹಾಕಿ, ಮಫ್ಲರ್ ಸುತ್ತಿಕೊಂಡು ಹೊಲಕ್ಕೆ ಹೋಗುತ್ತಾರೆ. ಉಬ್ಬಸ, ಕೀಲುನೋವು ಇದ್ದವರಿಗೆ ಗಾಳಿ ತಡೆಯುವ ಹೊದಿಕೆ ದೊಡ್ಡ ಉಪಕಾರ.

ಇನ್ನೊಂದು ಮಾತನ್ನೂ ಈಗಲೇ ಹೇಳಿಬಿಡಬೇಕು. ನಮ್ಮ ಚಳಿ ಬೆಳಗ್ಗೆ ಎಂಟು, ಒಂಬತ್ತರವರೆಗೆ. ಹತ್ತಕ್ಕೆ ಬಿಸಿಲು ಚುರುಕಾಗುತ್ತದೆ. ಹಾಗಾಗಿ ನಮಗೆ ಬೇಕಾದದ್ದು ಎರಡು ನಿಮಿಷದಲ್ಲಿ ಸುತ್ತಿ ಮೇಲೆ ಕಟ್ಟಬಹುದಾದ, ಬೇಡದಾಗ ಪೂರ್ತಿ ಬಿಚ್ಚಿಡಬಹುದಾದ ಹೊದಿಕೆ. ಮುಂದಿನ ಬಹುತೇಕ ಉತ್ತರಗಳೂ ಇದರ ಮೇಲೇ ನಿಂತಿವೆ.

ಯಾವ ಯಾವ ತರಹದ ಕ್ಯಾಬಿನ್ ಇವೆ?

ಬರೀ ಟಾಪ್, ಅಂದರೆ ತಲೆ ಮೇಲಿನ ಸೂರು. ಇದು ಬಿಸಿಲಿಗೆ, ತುಂತುರು ಮಳೆಗೆ ಸಾಕು. ಚಳಿಗಾಳಿಗೆ ಏನೂ ಮಾಡಲ್ಲ. ಟಾಪ್ ಜೊತೆ ಮುಂದೆ ಒಂದು ಗಾಳಿತಡೆ ಹಾಕಿದರೆ ಎದೆಗೆ ಬಡಿಯುವ ಗಾಳಿ ಬಹಳ ಮಟ್ಟಿಗೆ ನಿಲ್ಲುತ್ತದೆ. ಮೂರನೆಯದು ಸುತ್ತ ರೆಕ್ಸಿನ್ ಅಥವಾ ಕ್ಯಾನ್ವಾಸ್ ಪರದೆ, ಅದರಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಕಿಟಕಿ, ಜಿಪ್ ಇರುವ ಬಾಗಿಲು. ನಾಲ್ಕನೆಯದು ಕಬ್ಬಿಣದ ಚೌಕಟ್ಟು, ಗಾಜು ಅಥವಾ ಪಾಲಿಕಾರ್ಬೊನೇಟ್ (ಗಟ್ಟಿ ಪಾರದರ್ಶಕ ಪ್ಲಾಸ್ಟಿಕ್) ಹಾಕಿದ ಗಟ್ಟಿ ಕ್ಯಾಬಿನ್.

ಬೆಂಗಳೂರಿನ ಸುತ್ತಲಿನ ಕೆಲಸಕ್ಕೆ ಎರಡನೆಯದೋ ಮೂರನೆಯದೋ ಸರಿ. ನಾಲ್ಕನೆಯದು ಕೆನಡಾ, ಅಮೆರಿಕದ ಉತ್ತರ ಭಾಗದಂಥ ಕಡೆ ಹಿಮ ತಳ್ಳುವವರಿಗೆ ಹುಟ್ಟಿದ್ದು. ಅಲ್ಲಿ ಅದಿಲ್ಲದೆ ಕೆಲಸವೇ ಆಗಲ್ಲ. ಇಲ್ಲಿ ಏಪ್ರಿಲ್ ತಿಂಗಳಲ್ಲಿ ಅದರೊಳಗೆ ಕೂರುವುದು ಕಷ್ಟ.

ನನ್ನ ಗಾಡಿಗೆ ರೋಲ್‌ಬಾರ್ ಇಲ್ಲ. ಕ್ಯಾಬಿನ್ ಹಾಕಿಸಿದರೆ ಪಲ್ಟಿ ಆದಾಗ ಅದೇ ಕಾಪಾಡಲ್ವಾ?

ಕಾಪಾಡಲ್ಲ. ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಸೀಟಿನ ಹಿಂದೆ ಎದ್ದು ನಿಲ್ಲುವ ದಪ್ಪ ಕಬ್ಬಿಣದ ಕಮಾನಿಗೆ ರೋಲ್‌ಬಾರ್ ಅಂತಾರೆ. ಕೆಲವರು ರೋಪ್ಸ್ ಅಂತಲೂ ಕರೆಯುತ್ತಾರೆ. ಟ್ರಾಕ್ಟರ್ ಮಗುಚಿದಾಗ ಇಡೀ ಗಾಡಿಯ ತೂಕ ತಡೆಯುವ ಹಾಗೆ ಲೆಕ್ಕ ಹಾಕಿ, ಪರೀಕ್ಷೆ ಮಾಡಿ ಅದನ್ನು ತಯಾರಿಸಿರುತ್ತಾರೆ. ಅದು ಬಗ್ಗಬಹುದು, ಆದರೆ ಚಾಲಕನ ಸುತ್ತ ಒಂದಿಷ್ಟು ಜಾಗ ಉಳಿಸುತ್ತದೆ. ಸೀಟ್‌ಬೆಲ್ಟ್ ನಿಮ್ಮನ್ನು ಆ ಜಾಗದೊಳಗೇ ಹಿಡಿದಿಡುತ್ತದೆ. ಎರಡೂ ಸೇರಿದರೇ ರಕ್ಷಣೆ.

ಶೆಡ್ಡಿನಲ್ಲಿ ಒಂದಿಂಚಿನ ಚೌಕ ಪೈಪು ಕತ್ತರಿಸಿ ಮಾಡಿದ ಚೌಕಟ್ಟು ಆ ತೂಕ ತಡೆಯಲ್ಲ. ಮಿನಿ ಟ್ರಾಕ್ಟರ್ ಅಂದರೂ 700–900 ಕಿಲೋ ಇರುತ್ತದೆ. ಮಗುಚಿದಾಗ ಆ ಪೈಪು ಒಳಕ್ಕೆ ಬಗ್ಗಿ ಚಾಲಕನನ್ನೇ ಅಮುಕಬಹುದು. ಸುತ್ತ ಕಬ್ಬಿಣ ಕಂಡಾಗ ಧೈರ್ಯ ಬರುತ್ತದೆ. ಆ ಧೈರ್ಯದಲ್ಲಿ ಬದುವಿನ ಅಂಚಿಗೆ ಗಾಡಿ ತಿರುಗಿಸುವುದು ಜಾಸ್ತಿಯಾಗುತ್ತದೆ. ನನಗೆ ಹೆಚ್ಚು ಭಯ ಇದರದ್ದೇ.

ಸ್ವೀಡನ್ 1959ರಲ್ಲೇ ಹೊಸ ಟ್ರಾಕ್ಟರ್‌ಗಳಿಗೆ ಇಂಥ ರಕ್ಷಣೆ ಕಡ್ಡಾಯ ಮಾಡಿತು. ಮುಂದಿನ ದಶಕಗಳಲ್ಲಿ ಅಲ್ಲಿ ಟ್ರಾಕ್ಟರ್ ಮಗುಚಿ ಸಾಯುವವರ ಸಂಖ್ಯೆ ತುಂಬಾ ಇಳಿಯಿತು. ಅಮೆರಿಕದಲ್ಲಿ 1985ರಿಂದ 20 ಎಚ್‌ಪಿ ಮೇಲ್ಪಟ್ಟ ಹೊಸ ಗಾಡಿಗಳಿಗೆ ತಯಾರಕರೇ ಒಪ್ಪಿಕೊಂಡು ರೋಲ್‌ಬಾರ್ ಹಾಕಿ ಕೊಡುತ್ತಾ ಬಂದರು.

ಹಾಗಾಗಿ ದುಡ್ಡು ಖರ್ಚು ಮಾಡುವ ಕ್ರಮ ಹೀಗಿರಲಿ: ಮೊದಲು ನಿಮ್ಮ ಮಾಡೆಲ್‌ಗೆ ಕಂಪನಿಯೇ ಕೊಡುವ ರೋಲ್‌ಬಾರ್ ಮತ್ತು ಸೀಟ್‌ಬೆಲ್ಟ್ ಸಿಗುತ್ತದಾ ಅಂತ ಡೀಲರ್ ಹತ್ತಿರ ಕೇಳಿ. ಸಿಕ್ಕರೆ ಅದನ್ನು ಹಾಕಿಸಿ. ಹೊದಿಕೆ ಅದರ ನಂತರ. ಎರಡಕ್ಕೂ ಸಾಲದಿದ್ದರೆ ಈ ವರ್ಷ ರೋಲ್‌ಬಾರ್ ಸಾಕು, ಚಳಿಗೆ ಜರ್ಕಿನ್ ಇದೆ.

ಇರುವ ರೋಲ್‌ಬಾರ್‌ಗೇ ಕ್ಯಾಬಿನ್ ಚೌಕಟ್ಟು ವೆಲ್ಡ್ ಮಾಡಿಸಬಹುದಾ?

ದಯವಿಟ್ಟು ಬೇಡ. ವೆಲ್ಡಿಂಗ್ ಬಿಸಿಗೆ ಆ ಜಾಗದ ಉಕ್ಕಿನ ಗುಣವೇ ಬದಲಾಗುತ್ತದೆ. ಮೇಲ್ನೋಟಕ್ಕೆ ಗಟ್ಟಿಯಾಗಿ ಕಾಣುತ್ತದೆ, ಪೆಟ್ಟು ಬಿದ್ದಾಗ ಆ ಅಂಚಿನಲ್ಲೇ ಬಿರುಕು ಬಿಡುತ್ತದೆ. ತೂತು ಕೊರೆಯುವುದೂ ಅಷ್ಟೇ ಕೆಟ್ಟದ್ದು. ಒಮ್ಮೆ ಕೊರೆದರೆ ಅದು ಪರೀಕ್ಷೆ ಪಾಸಾದ ರೋಲ್‌ಬಾರ್ ಆಗಿ ಉಳಿಯಲ್ಲ.

ಕ್ಲ್ಯಾಂಪ್ ಬಳಸಿ. ಯು ಆಕಾರದ ಬೋಲ್ಟು ಅಥವಾ ಎರಡು ಅರ್ಧಗಳ ಕ್ಲ್ಯಾಂಪು, ಒಳಗೆ ರಬ್ಬರ್ ಪಟ್ಟಿ, ಹೊರಗೆ ನಡುಕಕ್ಕೆ ಸಡಿಲವಾಗದ ನೈಲಾಕ್ ನಟ್ಟು. ರಬ್ಬರ್ ಇದ್ದರೆ ಪೇಂಟು ಕೀಳಲ್ಲ, ನಡುಕವೂ ಕಡಿಮೆ. ಮಡಚುವ ರೋಲ್‌ಬಾರ್ ಆಗಿದ್ದರೆ ಕೀಲಿನ ಪಿನ್ನು ಹಾಕಿ ತೆಗೆಯಲು ಜಾಗ ಬಿಡಿಸಿ. ಎಷ್ಟೋ ಕಡೆ ಟಾಪ್ ಹಾಕಿದ ಮೇಲೆ ಆ ಪಿನ್ನಿಗೆ ಕೈಯೇ ಎಟುಕಲ್ಲ.

ನಮ್ಮದು ದ್ರಾಕ್ಷಿ ತೋಟ. ಚಪ್ಪರದ ಕೆಳಗೆ ಕ್ಯಾಬಿನ್ ಹೋಗುತ್ತಾ?

ಸಾಮಾನ್ಯವಾಗಿ ಹೋಗಲ್ಲ. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ ಕಡೆ ಬೆಂಗಳೂರು ಬ್ಲೂ ದ್ರಾಕ್ಷಿಯನ್ನು ಚಪ್ಪರಕ್ಕೆ ಹಬ್ಬಿಸುತ್ತಾರೆ. ಆಳು ನಿಂತು ಕೈಯೆತ್ತಿ ಗೊಂಚಲು ಕೀಳುವಷ್ಟೇ ಎತ್ತರ. ಗೊಂಚಲು ಜೋತಾಡುವ ಕಾಲಕ್ಕೆ ಇನ್ನೂ ಅರ್ಧ, ಒಂದಡಿ ಕಡಿಮೆ ಆಗುತ್ತದೆ. ಅದಕ್ಕೇ ಅಲ್ಲಿ ಮಡಚುವ ರೋಲ್‌ಬಾರ್‌ನ ಕುಳ್ಳ ಗಾಡಿ ಬಳಸುತ್ತಾರೆ.

ಚಪ್ಪರದ ಕೆಳಗೆ ದುಡಿಯುವ ಗಾಡಿಗೆ ಮುಂದಿನ ಗಾಳಿತಡೆ ಮಾತ್ರ ಹಾಕಿಸಿ. ಅದು ಸ್ಟೀರಿಂಗ್‌ಗಿಂತ ಒಂದು ಗೇಣು ಮೇಲಿದ್ದರೆ ಸಾಕು. ತೋಟಕ್ಕೆ ಹೋಗಿ ಬರುವ ದಾರಿಯ ಗಾಳಿ ಅಷ್ಟರಲ್ಲೇ ನಿಲ್ಲುತ್ತದೆ, ತಂತಿಗೂ ತಗಲಲ್ಲ. ಸೀಟ್‌ಬೆಲ್ಟ್ ವಿಷಯದಲ್ಲಿ ಒಂದು ನಿಯಮವಿದೆ. ರೋಲ್‌ಬಾರ್ ನಿಲ್ಲಿಸಿದ್ದಾಗ ಬೆಲ್ಟ್ ಹಾಕಲೇಬೇಕು. ಮಡಚಿದ್ದಾಗ ಹಾಕಬಾರದು, ಯಾಕೆಂದರೆ ಆಗ ಮಗುಚಿದರೆ ಬೆಲ್ಟ್ ನಿಮ್ಮನ್ನು ಗಾಡಿಯ ಕೆಳಗೇ ಹಿಡಿದಿಡುತ್ತದೆ. ಚಪ್ಪರದಿಂದ ಹೊರಗೆ ಬಂದ ತಕ್ಷಣ ನಿಲ್ಲಿಸಿ, ಪಿನ್ನು ಹಾಕಿ, ಬೆಲ್ಟ್ ಹಾಕಿಕೊಂಡೇ ರಸ್ತೆಗೆ ಇಳಿಯಿರಿ.

ಗುಲಾಬಿ, ದಪ್ಪ ಮೆಣಸಿನಕಾಯಿ ಬೆಳೆಯುವ ಪಾಲಿಹೌಸ್‌ನವರೂ ಬಾಗಿಲ ಎತ್ತರ ಅಳೆದುಕೊಂಡೇ ಮುಂದುವರಿಯಿರಿ.

ಬಟ್ಟೆ ಯಾವುದು ಒಳ್ಳೆಯದು? ಎಲ್ಲಿ ಹೊಲಿಸಬೇಕು?

ಆಟೊರಿಕ್ಷಾಗಳ ಟಾಪು, ಮಳೆಗಾಲದ ಪಕ್ಕದ ಪರದೆ ಹೊಲಿಯುವ ಕುಶನ್ ಅಂಗಡಿಯವರೇ ಈ ಕೆಲಸಕ್ಕೆ ತಕ್ಕವರು. ಬೆಂಗಳೂರಿನಲ್ಲಿ ಅಂಥವರು ಬೇಕಾದಷ್ಟಿದ್ದಾರೆ. ಜೆ.ಸಿ. ರಸ್ತೆಯಲ್ಲಿ ರೆಕ್ಸಿನ್, ಸೀಟ್ ಬಟ್ಟೆ ಒಟ್ಟೊಟ್ಟಿಗೆ ಸಿಗುತ್ತದೆ. ಚೌಕಟ್ಟು, ಕ್ಲ್ಯಾಂಪ್ ಮಾಡಿಸಲು ಪೀಣ್ಯದ ಫ್ಯಾಬ್ರಿಕೇಶನ್ ಶೆಡ್‌ಗಳಿವೆ. ಎಸ್‌.ಪಿ. ರಸ್ತೆಗೆ ಹೋದರೆ ಸ್ವಿಚ್ಚು, ರಿಲೇ, ವೈರು ಎಲ್ಲ ಸಿಗುತ್ತವೆ. ಆದರೂ ಊರಿನ ಹತ್ತಿರದ ಕುಶನ್ ಅಂಗಡಿಗೆ ಮೊದಲು ಹೋಗಿ ಅಂತಲೇ ನನ್ನ ಸಲಹೆ. ಗಾಡಿಯನ್ನೇ ಅಂಗಡಿ ಮುಂದೆ ನಿಲ್ಲಿಸಿ ಅಳತೆ ತೆಗೆಸಬಹುದು, ಹೊಲಿಗೆ ಬಿಚ್ಚಿದರೆ ಮತ್ತೆ ಹೋಗುವುದೂ ಸುಲಭ.

ಲಾರಿ ಟಾರ್ಪಾಲಿನಂಥ, ಪಾಲಿಯೆಸ್ಟರ್ ನೂಲಿನ ಮೇಲೆ ಪಿವಿಸಿ ಲೇಪಿಸಿದ ಬಟ್ಟೆ ಬಾಳಿಕೆ ಬರುತ್ತದೆ. ನೀರು ಹಿಡಿಯಲ್ಲ, ಬೇಗ ಹರಿಯಲ್ಲ. ಹತ್ತಿಯ ಕ್ಯಾನ್ವಾಸ್‌ನಲ್ಲಿ ಗಾಳಿ ಸ್ವಲ್ಪ ಆಡುತ್ತದೆ, ಒಳಗೆ ಬೆವರಲ್ಲ. ಆದರೆ ಒದ್ದೆ ಮಡಚಿಟ್ಟರೆ ಬೂಷ್ಟು ಹಿಡಿಯುತ್ತದೆ. ತೆಳು ನೀಲಿ ಪ್ಲಾಸ್ಟಿಕ್ ಟಾರ್ಪಾಲು ಒಂದೇ ಬೇಸಿಗೆಯಲ್ಲಿ ಪುಡಿಪುಡಿ ಆಗುತ್ತದೆ, ಅದಕ್ಕೆ ಹೊಲಿಗೆ ಕೂಲಿ ಕೊಡುವುದು ಸುಮ್ನೆ ನಷ್ಟ.

ಬಟ್ಟೆಗಿಂತ ಮೊದಲು ಕೈಕೊಡುವುದು ದಾರ. ಹತ್ತಿ ದಾರದ ಹೊಲಿಗೆ ಬಿಸಿಲಿಗೆ ಕೊಳೆತು ಬಿಚ್ಚಿಕೊಳ್ಳುತ್ತದೆ. ದಪ್ಪ ಪಾಲಿಯೆಸ್ಟರ್ ದಾರದಲ್ಲಿ, ಎರಡು ಸಾಲು ಹಾಕಿಸಿ. ಜಿಪ್ಪು ದಪ್ಪ ಹಲ್ಲಿನ ಪ್ಲಾಸ್ಟಿಕ್‌ದೇ ಇರಲಿ. ಲೋಹದ ಜಿಪ್ಪು ಇಬ್ಬನಿಗೆ ತುಕ್ಕು ಹಿಡಿದು ನಿಂತುಬಿಡುತ್ತದೆ. ಬಣ್ಣ ತಿಳಿಯಾಗಿದ್ದಷ್ಟೂ ಹಗಲಿನಲ್ಲಿ ತಂಪು.

ಎಷ್ಟು ಬಟ್ಟೆ ಬೇಕಾಗುತ್ತೆ? ಅಂಗಡಿಯವರು ಹೇಳಿದ್ದು ಸರಿಯಾ ಅಂತ ಹೇಗೆ ತಿಳಿಯೋದು?

ನೀವೇ ಅಳೆದುಬಿಡಿ. ಉದಾಹರಣೆಗೆ ಸೂರು 4 ಅಡಿಗೆ 4 ಅಡಿ ಅಂದುಕೊಳ್ಳಿ, 16 ಚದರ ಅಡಿ. ಸುತ್ತಲಿನ ನಾಲ್ಕು ಬದಿ ಒಂದೊಂದೂ 4 ಅಡಿ ಅಗಲ, 5 ಅಡಿ ಎತ್ತರ ಆದರೆ 80 ಚದರ ಅಡಿ. ಒಟ್ಟು 96. ಮಡಿಕೆ, ಹೊಲಿಗೆ, ವೇಸ್ಟು ಸೇರಿ ಇನ್ನೂ ಶೇಕಡಾ 15ರಷ್ಟು ಹಿಡಿಯಿರಿ. ಸುಮಾರು 110 ಚದರ ಅಡಿ ಆಯಿತು. ಅದರಲ್ಲಿ ಮೂರನೇ ಒಂದು ಭಾಗ ಪಾರದರ್ಶಕ ಹಾಳೆಗೆ ಹೋಗುತ್ತದೆ. ಈಗ ಬಟ್ಟೆಗೆ ಒಂದು ದರ, ಹಾಳೆಗೆ ಒಂದು ದರ, ಹೊಲಿಗೆ ಕೂಲಿ, ಚೌಕಟ್ಟಿನ ಖರ್ಚು ಬೇರೆ ಬೇರೆಯಾಗಿ ಬರೆಸಿಕೊಳ್ಳಿ. "ಎಲ್ಲ ಸೇರಿ ಇಷ್ಟು" ಅನ್ನುವ ಮಾತಿಗೆ ಒಪ್ಪಬೇಡಿ.

ಅಳತೆ ಕೊಡುವಾಗ ಚಾಲಕ ಸೀಟಿನಲ್ಲಿ ಕೂತಿರಲಿ. ಕ್ಲಚ್ ಪೂರ್ತಿ ಒತ್ತಿದಾಗ ಮೊಣಕಾಲು ಎಲ್ಲಿಗೆ ಬರುತ್ತದೆ, ಹಿಂದೆ ತಿರುಗಿ ಮಣ್ಣು ಪುಡಿಮಾಡುವ ರೋಟವೇಟರ್ ನೋಡುವಾಗ ಭುಜ ಎಲ್ಲಿ ತಾಗುತ್ತದೆ ನೋಡಿ. ಹೈಡ್ರಾಲಿಕ್ ಲಿವರ್ ತುದಿಯವರೆಗೂ ಆಡಬೇಕು. ತಲೆಗೂ ಸೂರಿಗೂ ನಡುವೆ ಒಂದು ಗೇಣು ಇರಲಿ, ಉಳುವಾಗ ಸೀಟು ಎಗರುತ್ತದೆ.

ಮುಂದಿನ ಗಾಳಿತಡೆಗೆ ಗಾಜು ಹಾಕಿಸಲಾ, ಪ್ಲಾಸ್ಟಿಕ್ಕಾ?

ತೂಕ ನೋಡಿ. 5 ಮಿಲಿಮೀಟರ್ ದಪ್ಪದ ಗಾಜು ಒಂದು ಚದರ ಮೀಟರಿಗೆ ಸುಮಾರು 12.5 ಕಿಲೋ. ಅಷ್ಟೇ ದಪ್ಪದ ಪಾಲಿಕಾರ್ಬೊನೇಟ್ 6 ಕಿಲೋ. ಸುತ್ತ 6 ಚದರ ಮೀಟರ್ ಗಾಜು ಹಾಕಿಸಿದರೆ 75 ಕಿಲೋ ಆಯಿತು, ಕಬ್ಬಿಣ ಬೇರೆ. ಅಷ್ಟು ತೂಕ ಸೀಟಿನ ಮಟ್ಟಕ್ಕಿಂತ ಮೇಲೆ ಕೂತರೆ ಕಿರಿದಾದ ಗಾಡಿ ಬದುವಿನ ಮೇಲೆ ಬೇಗ ವಾಲುತ್ತದೆ. ಅದಕ್ಕೇ ಮಿನಿ ಟ್ರಾಕ್ಟರ್‌ಗೆ ನನ್ನ ಆಯ್ಕೆ ಪಾಲಿಕಾರ್ಬೊನೇಟ್. ಕಲ್ಲು ಬಡಿದರೂ ಅದು ಚೂರಾಗಲ್ಲ.

ಅದರ ದೋಷ ಗೀರು. ಧೂಳಿನ ಮೇಲೆ ಒಣಬಟ್ಟೆ ಉಜ್ಜಿದರೆ ಮುಗಿಯಿತು, ಎದುರು ಬಿಸಿಲಿಗೆ ಏನೂ ಕಾಣಲ್ಲ. ಮೊದಲು ನೀರು ಸುರಿಯಿರಿ, ಆಮೇಲೆ ಸೋಪಿನ ನೀರು, ಮೆತ್ತನೆ ಬಟ್ಟೆ. ಪೆಟ್ರೋಲ್, ಥಿನ್ನರ್ ಮುಟ್ಟಿಸಲೇಬೇಡಿ. ಬಿಸಿಲು ತಡೆಯುವ ಲೇಪನ ಇರುವ ಬದಿ ಹೊರಗೆ ಬರಬೇಕು. ಹಾಳೆಯ ಮೇಲಿನ ಕವರಿನಲ್ಲಿ ಅದನ್ನು ಬರೆದಿರುತ್ತದೆ, ಕೀಳುವ ಮೊದಲೇ ಗುರುತು ಹಾಕಿಕೊಳ್ಳಿ. ವೈಪರ್ ಹಾಕಲೇಬೇಕು ಅನ್ನುವವರು ಮುಂದಿನ ಒಂದು ಭಾಗಕ್ಕೆ ಮಾತ್ರ ಲ್ಯಾಮಿನೇಟೆಡ್ ಗಾಜು ಹಾಕಿಸಿ. ಮನೆ ಕಿಟಕಿಯ ಮಾಮೂಲಿ ಗಾಜು ಯಾವ ಕಾರಣಕ್ಕೂ ಬೇಡ, ಒಡೆದರೆ ಕತ್ತಿಯ ಹಾಗೆ ಸೀಳುತ್ತದೆ.

ಪಕ್ಕದ ಪರದೆಯ ಕಿಟಕಿಗೆ ಪಾರದರ್ಶಕ ಪಿವಿಸಿ ಹಾಳೆ ಸಾಕು. ಬಿಸಿಲಿಗೆ ಅದು ಹಳದಿ ತಿರುಗುತ್ತದೆ. ಕೆಲವು ವರ್ಷಕ್ಕೊಮ್ಮೆ ಬದಲಿಸುವ ಹಾಗೆ ಬೇರೆ ತುಂಡಾಗಿಯೇ ಹೊಲಿಸಿ. ಕಪ್ಪು ಫಿಲ್ಮ್ ಅಂಟಿಸಬೇಡಿ, ಬೆಳಗಿನ ಕತ್ತಲಲ್ಲಿ ಬದು ಕಾಣದೇ ಹೋಗುತ್ತದೆ.

ಒಳಗೆ ಹೀಟರ್ ಬೇಕಾ?

ಇಲ್ಲಿ ಬೇಡ. ಹಿಮ ದೇಶಗಳಲ್ಲಿ ಎಂಜಿನ್‌ನ ಬಿಸಿ ಕೂಲಂಟನ್ನು ಕೊಳವೆಯಲ್ಲಿ ಕ್ಯಾಬಿನ್‌ಗೆ ತಂದು, ಸಣ್ಣ ರೇಡಿಯೇಟರ್ ಮತ್ತು ಫ್ಯಾನ್ ಇಟ್ಟು ಬಿಸಿಗಾಳಿ ಊದುತ್ತಾರೆ. ಇನ್ನೂ ಸರಳವಾದ ಹಳೆಯ ಪದ್ಧತಿಯೂ ಅಲ್ಲಿದೆ. ಬಾನೆಟ್ಟಿನ ಎರಡೂ ಬದಿಗೆ ಕ್ಯಾನ್ವಾಸ್ ಹೊದಿಸಿ, ರೇಡಿಯೇಟರ್ ಫ್ಯಾನ್ ಊದುವ ಬಿಸಿಗಾಳಿ ಚಾಲಕನ ಕಾಲಿನ ಕಡೆಗೆ ಬರುವ ಹಾಗೆ ಮಾಡುತ್ತಾರೆ.

ನಮಗೆ ಗಾಳಿ ತಡೆದರೆ ಸಾಕು. ಕೆಳಗಿನಿಂದ ಎಂಜಿನ್, ಗೇರ್‌ಬಾಕ್ಸ್ ಬಿಸಿ ತಾನಾಗಿಯೇ ಮೇಲೆ ಬರುತ್ತದೆ. ಬಾನೆಟ್ಟಿಗೆ ಬಟ್ಟೆ ಸುತ್ತುವ ಪದ್ಧತಿಯನ್ನು ಇಲ್ಲಿ ಅನುಸರಿಸಬೇಡಿ. ಮಧ್ಯಾಹ್ನ 28 ಡಿಗ್ರಿ ಆಗುವ ಊರಿನಲ್ಲಿ ಎಂಜಿನ್ ಕಾಯುತ್ತದೆ. ರೇಡಿಯೇಟರ್ ಜಾಲರಿ, ಏರ್ ಕ್ಲೀನರ್ ಬಾಯಿ ಯಾವಾಗಲೂ ತೆರೆದಿರಬೇಕು. ಕ್ಯಾಬಿನ್ ಒಳಗೆ ಇದ್ದಿಲ ಬಾಣಲೆ, ಗ್ಯಾಸ್ ಸ್ಟವ್ ಇಡುವ ಯೋಚನೆ ಇದ್ದರೆ ಈಗಲೇ ಬಿಟ್ಟುಬಿಡಿ. ಅದು ಜೀವಕ್ಕೆ ಅಪಾಯ.

ಹೊಗೆ ಒಳಗೆ ಬರುತ್ತೆ. ಏನು ಮಾಡೋದು?

ತಕ್ಷಣ ಪರದೆ ಎತ್ತಿ, ಗಾಡಿ ನಿಲ್ಲಿಸಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಡೀಸೆಲ್ ವಾಸನೆ ಬಂದರೆ ನಿಮಗೆ ಗೊತ್ತಾಗುತ್ತದೆ, ಇದು ಗೊತ್ತಾಗಲ್ಲ. ತಲೆಭಾರ, ವಾಕರಿಕೆ, ಮಂಪರು ಬಂದರೆ ಅದನ್ನು ನಿದ್ದೆಗೇಡು ಅಂದುಕೊಂಡು ಮುಂದುವರಿಯಬೇಡಿ. ಡೀಸೆಲ್ ಎಂಜಿನ್ ಪೆಟ್ರೋಲಿಗಿಂತ ಕಡಿಮೆ ಬಿಡುತ್ತದೆ, ಆದರೆ ಮುಚ್ಚಿದ ಜಾಗದಲ್ಲಿ ಕಡಿಮೆಯೂ ಜಾಸ್ತಿಯೇ.

ಮೊದಲು ಸೈಲೆನ್ಸರ್ ನೋಡಿ. ಮೇಲಕ್ಕೆ ನಿಂತ ಸೈಲೆನ್ಸರ್ ಆದರೆ ಅದರ ಬಾಯಿ ಸೂರಿಗಿಂತ ಮೇಲಿರಬೇಕು. ಕೆಳಗೆ ಬಿಡುವ ಸೈಲೆನ್ಸರ್ ಆದರೆ ಹೊಗೆ ಫುಟ್‌ಬೋರ್ಡ್ ಸಂದಿಯಿಂದ ಏರುತ್ತದೆ. ಅಂಥ ಗಾಡಿಗೆ ಪೂರ್ತಿ ಮುಚ್ಚಿದ ಕ್ಯಾಬಿನ್ ಹಾಕಿಸಲೇಬೇಡಿ, ಮುಂದಿನ ಗಾಳಿತಡೆ ಸಾಕು. ಎಂಜಿನ್‌ಗೆ ಹೊಗೆ ಕೊಳವೆ ಸೇರುವ ಜಾಗದ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಹತ್ತಿರ ಮಸಿ ಕಂಡರೆ ಅಲ್ಲಿ ಸೋರಿಕೆ ಇದೆ. ಕ್ಯಾಬಿನ್ ಹಾಕಿಸುವ ಮೊದಲು ರಿಪೇರಿ ಮಾಡಿಸಿ. ಎಷ್ಟೇ ಚಳಿ ಇರಲಿ, ಹಿಂದಿನ ಪರದೆಯ ಮೇಲ್ಭಾಗದಲ್ಲಿ ಒಂದು ಅಂಗೈ ಅಗಲ ಸದಾ ತೆರೆದಿರಲಿ. ಶೆಡ್ಡಿನ ಬಾಗಿಲು ಹಾಕಿಕೊಂಡು ಎಂಜಿನ್ ಸ್ಟಾರ್ಟ್ ಮಾಡಬೇಡಿ.

ಬಟ್ಟೆಗೂ ಸೈಲೆನ್ಸರಿಗೂ ಒಂದಡಿ ಅಂತರ ಬಿಡಿ. ಜಾಗ ಇಲ್ಲದಿದ್ದರೆ ನಡುವೆ ಒಂದು ತಗಡು ನಿಲ್ಲಿಸಿ.

ಬೆಳಗ್ಗೆ ಒಳಗಿನಿಂದ ಆವಿ ಕಟ್ಟುತ್ತೆ, ಏನೂ ಕಾಣಲ್ಲ.

ಉಸಿರಿನ ತೇವ ತಣ್ಣಗಿನ ಹಾಳೆಗೆ ತಾಗಿ ಹನಿಯಾಗುತ್ತದೆ. ಕೆಳಗೆ ಗಾಳಿ ಬರಲು, ಮೇಲೆ ಹೋಗಲು ದಾರಿ ಕೊಡಿ, ಅರ್ಧ ಕಡಿಮೆಯಾಗುತ್ತದೆ. ಒದ್ದೆ ಗೋಣಿಚೀಲ, ನೆನೆದ ಜರ್ಕಿನ್ ಒಳಗೆ ಇಡಬೇಡಿ. ಮಂಜು ದಟ್ಟ ಇದ್ದಾಗ ಮುಂದಿನ ಹಾಳೆಯ ಜಿಪ್ಪು ತೆಗೆದು, ಚಳಿ ತಡೆದುಕೊಂಡು, ಕಣ್ಣಿಗೆ ಕಾಣುವ ಹಾಗೆ ಓಡಿಸಿ.

ಕ್ಯಾಬಿನ್ ಜೊತೆ ಎಸಿ ಹಾಕಿಸಿದರೆ ಬೇಸಿಗೆಗೂ ಆಗಲ್ವಾ?

ಎಸಿ ಕಂಪ್ರೆಸರ್ ಎಂಜಿನ್‌ನಿಂದಲೇ ಶಕ್ತಿ ತಿನ್ನುತ್ತದೆ. 50 ಎಚ್‌ಪಿ ಗಾಡಿಗೆ ಎರಡು ಮೂರು ಎಚ್‌ಪಿ ಹೋದರೆ ಗೊತ್ತಾಗಲ್ಲ. 20 ಎಚ್‌ಪಿ ಗಾಡಿ ರೋಟವೇಟರ್ ಎಳೆಯುವಾಗ ಅದು ತಿಳಿಯುತ್ತದೆ. ಬೆಲ್ಟು, ಕಂಡೆನ್ಸರ್ ಕೂರಿಸಲು ಜಾಗವೂ ಇರಲ್ಲ. ಕಾರ್ಖಾನೆಯಿಂದಲೇ ಎಸಿ ಕ್ಯಾಬಿನ್ ಜೊತೆ ಬರುವವು ಹೆಚ್ಚಾಗಿ ದೊಡ್ಡ ಗಾಡಿಗಳೇ. ಮಿನಿ ಟ್ರಾಕ್ಟರ್‌ಗೆ ಬೇಸಿಗೆಯಲ್ಲಿ ಪರದೆ ಬಿಚ್ಚಿ, ಟಾಪ್ ಮಾತ್ರ ಉಳಿಸಿಕೊಳ್ಳಿ.

ಔಷಧಿ ಹೊಡೆಯುವಾಗ ಪರದೆ ಮುಚ್ಚಿಕೊಂಡರೆ ಮಾಸ್ಕ್ ಬೇಡ ಅಲ್ವಾ?

ಬೇಕು. ಬಟ್ಟೆ ಕ್ಯಾಬಿನ್ ನೇರ ಹನಿ ಮೈಮೇಲೆ ಬೀಳುವುದನ್ನು ಸ್ವಲ್ಪ ತಡೆಯುತ್ತದೆ ಅಷ್ಟೇ. ಸಣ್ಣ ಮಂಜು, ಆವಿ ಸಂದಿಯಿಂದ ಒಳಗೆ ಬರುತ್ತವೆ, ಬಂದದ್ದು ಹೊರಗೆ ಹೋಗಲ್ಲ. ಪರದೆಯ ಒಳಭಾಗಕ್ಕೆ ಅಂಟಿದ ಔಷಧಿ ಮಾರನೆಯ ದಿನ ನಿಮ್ಮ ಕೈಗೆ, ಕೈಯಿಂದ ಬಾಯಿಗೆ ಹೋಗುತ್ತದೆ.

ಯುರೋಪಿನಲ್ಲಿ ಟ್ರಾಕ್ಟರ್ ಕ್ಯಾಬಿನ್‌ಗಳನ್ನು ಇಎನ್ 15695 ಎಂಬ ಮಾನದಂಡದಡಿ ನಾಲ್ಕು ವರ್ಗ ಮಾಡಿದ್ದಾರೆ. ಎರಡನೇ ವರ್ಗ ಧೂಳು ತಡೆಯುತ್ತದೆ. ಮೂರನೆಯದು ಧೂಳಿನ ಜೊತೆ ಸೂಕ್ಷ್ಮ ಹನಿಯನ್ನೂ ತಡೆಯುತ್ತದೆ. ಆವಿಯನ್ನೂ ತಡೆಯುವುದು ನಾಲ್ಕನೆಯದು ಮಾತ್ರ. ಅದಕ್ಕೆ ವಿಶೇಷ ಫಿಲ್ಟರು, ಒಳಗಿನಿಂದ ಹೊರಕ್ಕೆ ಗಾಳಿಯ ಒತ್ತಡ ಬೇಕು. ಕುಶನ್ ಅಂಗಡಿಯ ಹೊದಿಕೆ ಇವುಗಳ ಹತ್ತಿರವೂ ಬರಲ್ಲ. ತೋಟಕ್ಕೆ ಗಂಧಕದ ಪುಡಿ ಹೊಡೆಯುವಾಗಲೂ, ಔಷಧಿ ಸಿಂಪಡಿಸುವಾಗಲೂ ಪಕ್ಕದ ಪರದೆ ಬಿಚ್ಚಿಟ್ಟು, ಲೇಬಲ್ ಹೇಳಿದ ಮಾಸ್ಕು, ಗ್ಲೌಸು, ಕನ್ನಡಕ ಹಾಕಿಕೊಂಡೇ ಕೆಲಸ ಮಾಡಿ. ಮನೆಯಲ್ಲಿ ಬೇರೆಯವರು ಓಡಿಸುತ್ತಿದ್ದರೆ ಅವರಿಗೂ ಇದನ್ನು ಹೇಳಿ.

ಸದ್ದು ಕಡಿಮೆ ಆಗುತ್ತಾ?

ಬಟ್ಟೆಯಲ್ಲಿ ದೊಡ್ಡ ವ್ಯತ್ಯಾಸ ಇರಲ್ಲ. ತಗಡಿನ ಕ್ಯಾಬಿನ್ ಆದರೆ ಸದ್ದು ಜಾಸ್ತಿಯೂ ಆಗಬಹುದು. ತಗಡು ಎಂಜಿನ್ ಜೊತೆ ನಡುಗುತ್ತದೆ, ಸದ್ದು ಒಳಗೇ ಸುತ್ತುತ್ತದೆ. ಕ್ಲ್ಯಾಂಪ್‌ಗೆ ರಬ್ಬರ್, ಸೂರಿನ ಒಳಗೆ ದಪ್ಪ ಫೋಮ್ ಹಾಕಿದರೆ ತಗ್ಗುತ್ತದೆ.

ಕೆಲಸಗಾರರ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಯೋಷ್ ಸಂಸ್ಥೆ ಹೇಳುವ ಪ್ರಕಾರ ದಿನಕ್ಕೆ 8 ಗಂಟೆ ಕೆಲಸಕ್ಕೆ 85 ಡೆಸಿಬೆಲ್ ಮಿತಿ. ಪ್ರತಿ 3 ಡೆಸಿಬೆಲ್ ಏರಿದಂತೆ ಸಮಯ ಅರ್ಧವಾಗುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ. ಮಧ್ಯಪ್ರದೇಶದ ಬುದ್ನಿಯಲ್ಲಿ ಟ್ರಾಕ್ಟರ್ ಪರೀಕ್ಷೆ ಮಾಡುವ ಕೇಂದ್ರ ಸರ್ಕಾರದ ಸಂಸ್ಥೆಯಿದೆ. ಅದರ ವರದಿಯಲ್ಲಿ ಚಾಲಕನ ಕಿವಿಯ ಹತ್ತಿರದ ಸದ್ದಿನ ಅಳತೆ ಕೊಟ್ಟಿರುತ್ತಾರೆ. ನಿಮ್ಮ ಮಾಡೆಲ್ ವರದಿ ಇದ್ದರೆ ಡೀಲರ್ ಹತ್ತಿರ ಕೇಳಿ ನೋಡಿ. ಕ್ಯಾಬಿನ್ ಇರಲಿ ಬಿಡಲಿ, ಕಿವಿಗೆ ಇಯರ್‌ಪ್ಲಗ್ ಒಳ್ಳೆಯದು.

ವೈಪರ್, ಲೈಟು ಸೇರಿಸಿದರೆ ಬ್ಯಾಟರಿ ತಡೆಯುತ್ತಾ?

ಲೆಕ್ಕ ಸುಲಭ. ವ್ಯಾಟ್ ಅನ್ನು 12ರಿಂದ ಭಾಗಿಸಿದರೆ ಆಂಪಿಯರ್. 55 ವ್ಯಾಟಿನ ಎರಡು ಹ್ಯಾಲೋಜನ್ ಲೈಟು ಅಂದರೆ 9 ಆಂಪಿಯರ್‌ಗಿಂತ ಜಾಸ್ತಿ. 18 ವ್ಯಾಟಿನ ಎರಡು ಎಲ್‌ಇಡಿ ಆದರೆ ಬರೀ 3. ಸಣ್ಣ ಗಾಡಿಯ ಆಲ್ಟರ್ನೇಟರ್ ಚಿಕ್ಕದು, ಹಾಗಾಗಿ ಎಲ್‌ಇಡಿ ಹಾಕಿ. ಪ್ರತಿ ಹೊಸ ಲೈನಿಗೂ ಫ್ಯೂಸ್ ಇರಲಿ, ಲೈಟಿಗೆ ರಿಲೇ ಇರಲಿ. ಹೆಡ್‌ಲೈಟ್ ವೈರನ್ನು ಸೀಳಿ ಅದಕ್ಕೇ ಸುತ್ತುವವರಿಗೆ ಗಾಡಿ ಕೊಡಬೇಡಿ.

ಆರ್‌ಟಿಒ, ಇನ್ಶೂರೆನ್ಸ್, ವಾರಂಟಿ ತೊಂದರೆ ಬರುತ್ತಾ?

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ವಾಹನ ಬದಲಿಸಬಾರದು. ಬಿಚ್ಚಿಡಬಹುದಾದ ಬಟ್ಟೆ ಹೊದಿಕೆ ಬೇರೆ, ಬೋಲ್ಟು ಬಿಗಿದು ಶಾಶ್ವತವಾಗಿ ಕೂರಿಸಿದ ಕಬ್ಬಿಣದ ಕ್ಯಾಬಿನ್ ಬೇರೆ. ಎರಡನೆಯದಕ್ಕೆ ಹೋಗುವ ಮೊದಲು ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಕೇಳಿ. ಅದು ಕೆಎ-43 ದೇವನಹಳ್ಳಿ ಇರಲಿ, ಕೆಎ-52 ನೆಲಮಂಗಲ ಇರಲಿ, ಮೊದಲೇ ಕೇಳುವುದು ಮೇಲು. ಇನ್ಶೂರೆನ್ಸ್ ಕಂಪನಿಗೂ ಬರೆದು ತಿಳಿಸಿ. ವಾರಂಟಿ ಇರುವ ಗಾಡಿಗೆ ಡೀಲರ್ ಒಪ್ಪಿಗೆಯನ್ನು ಬಾಯಿಮಾತಲ್ಲಿ ಬಿಡದೆ ಕಾಗದದ ಮೇಲೆ ತೆಗೆದುಕೊಳ್ಳಿ. ನಂಬರ್ ಪ್ಲೇಟು, ಹಿಂದಿನ ಕೆಂಪು ದೀಪ, ಇಂಡಿಕೇಟರ್, ರಿಫ್ಲೆಕ್ಟರ್ ಯಾವುದೂ ಪರದೆಯ ಹಿಂದೆ ಮರೆಯಾಗಬಾರದು.

ಅಮೆರಿಕದ ರೆಡಿ ಕಿಟ್ ಆನ್‌ಲೈನ್‌ನಲ್ಲಿ ಚೆನ್ನಾಗಿ ಕಾಣುತ್ತೆ. ತರಿಸಲಾ?

ಅವು ಕುಬೋಟಾ ಬಿಎಕ್ಸ್, ಜಾನ್ ಡಿಯರ್ 1025ಆರ್ ತರಹದ, ಅಲ್ಲಿಯ ಮಾಡೆಲ್‌ಗಳಿಗೆ ಅಳೆದು ಮಾಡಿದವು. ಇಲ್ಲಿ ಓಡುವ ವಿಎಸ್‌ಟಿ, ಮಹೀಂದ್ರಾ, ಸ್ವರಾಜ್ ಗಾಡಿಗಳ ಫೆಂಡರ್, ರೋಲ್‌ಬಾರ್ ಅಳತೆ ಬೇರೆ. ಸಾಗಾಣಿಕೆ, ಸುಂಕ ಕೊಟ್ಟು ತರಿಸಿ ಆಮೇಲೆ ಕತ್ತರಿಸಿ ಹೊಲಿಸುವುದು ಯಾಕೆ? ಅವುಗಳ ಫೋಟೊ ನೋಡಿ, ಬಾಗಿಲು ಹೇಗೆ ತೆರೆಯುತ್ತದೆ, ಪರದೆ ಎಲ್ಲಿ ಸುತ್ತಿಕೊಳ್ಳುತ್ತದೆ ಅನ್ನುವುದನ್ನು ಕುಶನ್ ಅಂಗಡಿಯವರಿಗೆ ತೋರಿಸಿ.

ಹಿಂದಿನ ಪರದೆ, ಬಾಗಿಲು ಮಾಡಿಸುವಾಗ ಏನು ನೋಡಬೇಕು?

ಗಾಡಿಯ ಹಿಂದೆ ರೋಟವೇಟರ್‌ನಂಥ ಉಪಕರಣಕ್ಕೆ ಎಂಜಿನ್ ಶಕ್ತಿ ಕೊಡುವ ಪಿಟಿಒ ಶಾಫ್ಟ್ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ಅಂದರೆ ಒಂದು ಸೆಕೆಂಡಿಗೆ 9 ಸುತ್ತು. ಜೋತಾಡುವ ಒಂದು ಲಾಡಿ ಅದಕ್ಕೆ ಸಿಕ್ಕರೆ ಪರದೆ, ಪರದೆ ಹಿಡಿದ ಕೈ ಎಲ್ಲವನ್ನೂ ಎಳೆದುಕೊಳ್ಳುತ್ತದೆ. ಹಿಂದಿನ ಪರದೆ ಸೀಟಿನ ಮಟ್ಟಕ್ಕೇ ನಿಲ್ಲಲಿ, ಕೆಳಗೆ ಇಳಿಯುವುದು ಬೇಡ. ಉದ್ದ ಲಾಡಿ, ಹಗ್ಗ ಬೇಡ. ಗುಂಡಿ, ವೆಲ್ಕ್ರೊ ಹಾಕಿಸಿ. ಶಾಫ್ಟಿನ ಪ್ಲಾಸ್ಟಿಕ್ ಕವರ್ ಒಡೆದಿದ್ದರೆ ಮೊದಲು ಅದನ್ನು ಬದಲಿಸಿ.

ಬಾಗಿಲು ಎರಡೂ ಕಡೆ ಇರಬೇಕು. ಒಂದು ಕಡೆಗೆ ಮಗುಚಿದರೆ ಇನ್ನೊಂದು ಕಡೆಯಿಂದ ಹೊರಗೆ ಬರಬೇಕಲ್ಲ. ಈಗ ಊರೂರಲ್ಲೂ ಕೃಷಿ ಹೊಂಡಗಳಿವೆ. ಅದರ ಅಂಚಿನಲ್ಲಿ ಓಡಿಸುವಾಗ ಜಿಪ್ಪು ತೆಗೆದು ಪರದೆ ಮೇಲೆ ಕಟ್ಟಿರಿ. ನೀರಿಗೆ ಬಿದ್ದ ಗಾಡಿಯಲ್ಲಿ ಒದ್ದೆ ಜಿಪ್ಪು ಹುಡುಕುತ್ತಾ ಕೂರಲು ಸಮಯ ಇರಲ್ಲ. ವೆಲ್ಕ್ರೊ ಬಾಗಿಲು ಒಂದು ಒದೆತಕ್ಕೆ ಬಿಚ್ಚಿಕೊಳ್ಳುತ್ತದೆ, ಅದಕ್ಕೇ ನನಗೆ ಅದು ಇಷ್ಟ.

ಚಳಿ ಮುಗಿದ ಮೇಲೆ ಹೊದಿಕೆ ಹೇಗೆ ಇಡಬೇಕು?

ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೋಗುತ್ತದೆ ಅನ್ನುತ್ತಾರಲ್ಲ, ಆಗ ಬಿಚ್ಚಿ. ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ. ಪಾರದರ್ಶಕ ಹಾಳೆಯನ್ನು ಮಡಚಬೇಡಿ. ನಡುವೆ ಹಳೆಯ ಪಂಚೆ ಹಾಸಿ ಸುರುಳಿ ಸುತ್ತಿ. ನೆಲದ ಮೇಲೆ ಇಟ್ಟರೆ ಇಲಿಗಳ ಪಾಲು, ತೊಲೆಗೆ ತೂಗುಹಾಕಿ. ಮತ್ತೆ ಹಾಕುವಾಗ ಕ್ಲ್ಯಾಂಪ್ ನಟ್ಟುಗಳನ್ನು ಬಿಗಿ ಮಾಡಿ, ಒಂದು ವಾರ ಓಡಿಸಿ ಇನ್ನೊಮ್ಮೆ ನೋಡಿ. ಸೆಪ್ಟೆಂಬರ್, ಅಕ್ಟೋಬರ್ ಮಳೆಗೆ ಟಾಪ್ ಮತ್ತು ಮುಂದಿನ ಗಾಳಿತಡೆ ಇಟ್ಟುಕೊಂಡರೆ ಉಪಯೋಗಕ್ಕೆ ಬರುತ್ತದೆ.

ಕ್ಯಾಬಿನ್ ಇದೆಯಲ್ಲ, ಬೆಚ್ಚಗಿರುತ್ತೆ ಅಂತ ಮಗುವನ್ನೂ ಕೂರಿಸಿಕೊಂಡು ಹೋಗಬಹುದಾ?

ಬೇಡ. ಸೀಟು ಒಂದು, ಬೆಲ್ಟು ಒಂದು. ಮಡ್‌ಗಾರ್ಡ್ ಮೇಲೆ ಕೂತ ಮಗುವನ್ನು ಹಿಡಿಯುವುದು ಬರೀ ಬಟ್ಟೆ, ಗುಂಡಿ. ಹಳ್ಳಕ್ಕೆ ಚಕ್ರ ಇಳಿದಾಗ ಆ ಗುಂಡಿ ಕಿತ್ತು ಮಗು ನೇರ ಹಿಂದಿನ ಚಕ್ರದ ಮುಂದೆ ಬೀಳುತ್ತದೆ. ಪರದೆ ಇರುವುದರಿಂದ ಅದು ಬಿದ್ದದ್ದು ಚಾಲಕನಿಗೆ ಕಾಣುವುದೂ ತಡ. ಶಾಲೆಗೆ ಬಿಡಬೇಕಾದರೆ ಬೇರೆ ಗಾಡಿಯಲ್ಲಿ ಬಿಡಿ.